ಹಾವಿನ ವಿಷಕ್ಕೆ ಕುದುರೆಯ ರಕ್ತದ ಮದ್ದು

ಹಾವು ಕಚ್ಚಿದವರನ್ನು ಮೊದಲು ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರಶ್ನೆಗೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಒಂದೇ ಉತ್ತರವಿಲ್ಲ. ಒಬ್ಬರು ಮಂತ್ರ ಹಾಕುವವರ ಮನೆ ತೋರಿಸುತ್ತಾರೆ. ಇನ್ನೊಬ್ಬರು ಬೇರು ಅರೆದು ಕುಡಿಸುವ ನಾಟಿ ವೈದ್ಯರ ಹೆಸರು ಹೇಳುತ್ತಾರೆ. ಮತ್ತೊಬ್ಬರು ಆಸ್ಪತ್ರೆಗೆ ಹೋಗಲು ಗಾಡಿ ಹುಡುಕುತ್ತಾರೆ. ಈ ಮೂರು ದಾರಿಗಳ ನಡುವಿನ ಚರ್ಚೆ ಮುಗಿಯುವಷ್ಟರಲ್ಲಿ ವಿಷ ತನ್ನ ಕೆಲಸವನ್ನು ಅರ್ಧ ಮುಗಿಸಿರುತ್ತದೆ.

ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಎಂದರೆ ವರ್ಷಕ್ಕೆ ಸರಾಸರಿ 58,000 ಜನ. ಇದಕ್ಕೂ ಮೊದಲು, 2011ರಲ್ಲಿ ಹೊರಬಂದ ಇನ್ನೊಂದು ವರದಿಯಲ್ಲಿ ಒಂದು ಅಂಕಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಹಾವು ಕಚ್ಚಿ ಸತ್ತ ಪ್ರತಿ ನೂರು ಜನರಲ್ಲಿ 77 ಜನ ಸತ್ತದ್ದು ಯಾವ ಆಸ್ಪತ್ರೆಯಲ್ಲೂ ಅಲ್ಲ. ಮನೆಯಲ್ಲಿ, ಹೊಲದಲ್ಲಿ ಅಥವಾ ದಾರಿಯಲ್ಲಿ. ಮದ್ದಿಲ್ಲದ ಕಾಯಿಲೆಯಿಂದ ಜನ ಸತ್ತರೆ ಅದು ಬೇರೆ ಮಾತು. ಹಾವಿನ ವಿಷಕ್ಕೆ ಮದ್ದು ಕಂಡುಹಿಡಿದು 130 ವರ್ಷಗಳಿಗೂ ಮೇಲಾಯಿತು. ಆ ಮದ್ದು ಎಂಥದು, ಎಲ್ಲಿಂದ ಬರುತ್ತದೆ, ತಡವಾದರೆ ಅದೇಕೆ ಸೋಲುತ್ತದೆ ಎಂಬುದನ್ನು ತಿಳಿದುಕೊಂಡರೆ ಮೇಲಿನ ಚರ್ಚೆಗೆ ಎಡೆಯೇ ಇರುವುದಿಲ್ಲ.

ಹಳೆಯವರ ತಿಳಿವಳಿಕೆ

ಹಾವಿನ ವಿಷದ ಬಗ್ಗೆ ನಮ್ಮ ಪೂರ್ವಿಕರು ಏನೂ ತಿಳಿಯದವರಾಗಿರಲಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನವು ವಿಷದ ಹಾವುಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತದೆ. ಸೌಟಿನಂಥ ಹೆಡೆಯುಳ್ಳದ್ದು ದರ್ವೀಕರ, ಮೈಮೇಲೆ ಮಂಡಲಗಳುಳ್ಳದ್ದು ಮಂಡಲಿ, ಗೆರೆಗಳುಳ್ಳದ್ದು ರಾಜಿಮಂತ. ಇಂದಿನ ನಾಗರಹಾವು, ಮಂಡಲದ ಹಾವು, ಕಟ್ಟುಹಾವುಗಳಿಗೆ ಈ ವಿಂಗಡಣೆ ಬಹುಮಟ್ಟಿಗೆ ಹೊಂದುತ್ತದೆ. ಕನ್ನಡದ ಕೊಳಕುಮಂಡಲದಲ್ಲಿ ಆ ಹಳೆಯ ‘ಮಂಡಲ’ ಇನ್ನೂ ಉಳಿದಿದೆ. ಒಂದೊಂದು ಬಗೆಯ ಹಾವು ಕಚ್ಚಿದಾಗಲೂ ಕಾಣುವ ಲಕ್ಷಣಗಳು ಬೇರೆ ಬೇರೆ ಎಂಬುದನ್ನೂ ಆ ಕಾಲದ ವೈದ್ಯರು ಗಮನಿಸಿದ್ದರು.

ಕನ್ನಡದಲ್ಲಿಯೂ ವಿಷವೈದ್ಯಕ್ಕೇ ಮೀಸಲಾದ ಗ್ರಂಥವೊಂದು 14ನೆಯ ಶತಮಾನದಷ್ಟು ಹಿಂದೆಯೇ ಹುಟ್ಟಿತು. ವಿಜಯನಗರದ ಆರಂಭಕಾಲದ ಜೈನಕವಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ವೇ ಅದು. ಖಗೇಂದ್ರನೆಂದರೆ ಹಾವುಗಳ ವೈರಿಯಾದ ಗರುಡ. ವೈದ್ಯವನ್ನು ಪದ್ಯದಲ್ಲಿ ಬರೆದ ಈ ಗ್ರಂಥ, ವಿಷದ ಭಯ ನಮ್ಮ ಸಮಾಜದಲ್ಲಿ ಎಷ್ಟು ಆಳವಾಗಿತ್ತು ಎಂಬುದಕ್ಕೂ ಸಾಕ್ಷಿ.

ಆದರೆ ಲಕ್ಷಣ ಗುರುತಿಸುವುದು ಬೇರೆ, ರಕ್ತಕ್ಕೆ ಸೇರಿದ ವಿಷವನ್ನು ನಿಷ್ಫಲಗೊಳಿಸುವುದು ಬೇರೆ. ಎರಡನೆಯದಕ್ಕೆ ಅಂದಿನವರ ಬಳಿ ಸಾಧನವಿರಲಿಲ್ಲ. ಇದ್ದದ್ದು ವಿಷ ಮೇಲೇರದಂತೆ ತಡೆಯುವ ಪ್ರಯತ್ನ ಮಾತ್ರ. ಕೈಕಾಲಿಗೆ ಕಚ್ಚಿದರೆ ಕಚ್ಚಿದ ಜಾಗಕ್ಕೆ ನಾಲ್ಕು ಬೆರಳು ಮೇಲೆ ಬಿಗಿಯಾಗಿ ಕಟ್ಟಬೇಕೆಂಬ ಮಾತು ಸುಶ್ರುತನಲ್ಲಿಯೇ ಇದೆ. ಇಂದಿಗೂ ಹಗ್ಗವನ್ನೋ ಟವೆಲನ್ನೋ ಬಿಗಿದು ರೋಗಿಯನ್ನು ಕರೆತರುವ ಪದ್ಧತಿಗೆ ಇಷ್ಟು ಹಳೆಯ ಬೇರಿದೆ.

ಮಂತ್ರದಿಂದ ಬದುಕಿದವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ನಮ್ಮ ದೇಶದಲ್ಲಿರುವ 300ಕ್ಕೂ ಹೆಚ್ಚು ಬಗೆಯ ಹಾವುಗಳಲ್ಲಿ ವಿಷದವು ಸುಮಾರು 60 ಮಾತ್ರ. ಕಚ್ಚಿದ್ದು ಕೇರೆಯೋ ನೀರುಹಾವೋ ಆಗಿದ್ದರೆ ಏನೂ ಮಾಡದಿದ್ದರೂ ಮನುಷ್ಯ ಬದುಕುತ್ತಾನೆ. ವಿಷದ ಹಾವು ಕೂಡ ಕೆಲವು ಸಲ ಹಲ್ಲೂರಿಯೂ ವಿಷ ಬಿಡುವುದಿಲ್ಲ. ಇಂಥ ಪ್ರತಿಯೊಂದು ಪ್ರಸಂಗವೂ ಮಂತ್ರದ ಖಾತೆಗೆ ಜಮೆಯಾಗುತ್ತದೆ. ವಿಷವೇರಿ ಸತ್ತವರ ಲೆಕ್ಕ ಮಾತ್ರ ವಿಧಿಯ ಖಾತೆಗೆ ಹೋಗುತ್ತದೆ.

ನಂಬಿಕೆಯ ಮದ್ದುಗಳನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಕಲ್ಕತ್ತೆಯಲ್ಲಿ ವೈದ್ಯರಾಗಿದ್ದ ಜೋಸೆಫ್ ಫೇರರ್ ಪ್ರಮುಖರು. ಆಗ ಪ್ರಚಾರದಲ್ಲಿದ್ದ ದೇಶೀಯ ಹಾಗೂ ಪಾಶ್ಚಾತ್ಯ ಮದ್ದುಗಳನ್ನು ಅವರು ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿದರು. ಭಾರತದ ವಿಷಸರ್ಪಗಳ ಬಗ್ಗೆ 1872ರಲ್ಲಿ ಅವರು ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ನಂಬಬಹುದಾದ ಮದ್ದು ಒಂದೂ ಇರಲಿಲ್ಲ.

ಸೈಗಾನಿನ ಪೀಪಾಯಿ

ಮದ್ದಿನ ದಾರಿ ತೆರೆದದ್ದು ರೋಗಾಣುಗಳ ಅಧ್ಯಯನದಿಂದ. ಒಂದು ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಡುತ್ತ ಹೋದರೆ ಪ್ರಾಣಿಯ ದೇಹ ಅದನ್ನು ತಾಳಿಕೊಳ್ಳಲು ಕಲಿಯುತ್ತದೆ. ಅಮೆರಿಕದ ಹೆನ್ರಿ ಸ್ಯೂವಲ್ 1887ರಲ್ಲಿ ಪಾರಿವಾಳಗಳಿಗೆ ಬುಡುಬುಡಿಕೆ ಹಾವಿನ ವಿಷವನ್ನು ಹೀಗೆ ಕೊಟ್ಟು ಇದನ್ನು ತೋರಿಸಿದರು. 1890ರಲ್ಲಿ ಜರ್ಮನಿಯಲ್ಲಿ ಬೇರಿಂಗ್ ಮತ್ತು ಕಿಟಾಸಾಟೊ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೀಗೆ ತಾಳಿಕೆ ಪಡೆದ ಪ್ರಾಣಿಯ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ಇನ್ನೊಂದು ಪ್ರಾಣಿಗೆ ಕೊಟ್ಟರೆ ಅದಕ್ಕೂ ರಕ್ಷಣೆ ಸಿಗುತ್ತದೆಂದು ಧನುರ್ವಾಯು ಮತ್ತು ಗಂಟಲಮಾರಿ ರೋಗಗಳ ವಿಷಯದಲ್ಲಿ ಸಿದ್ಧಪಡಿಸಿದರು.

ಈ ತತ್ತ್ವವನ್ನು ಹಾವಿನ ವಿಷಕ್ಕೆ ತಂದವರಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮುಖ್ಯರು. ಕ್ಷಯದ ವಿರುದ್ಧ ನಮ್ಮ ಮಕ್ಕಳ ತೋಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯ ನಡುವಿನ ‘ಸಿ’ ಇವರ ಹೆಸರೇ. 1891ರಲ್ಲಿ ಅವರು ಫ್ರೆಂಚರ ವಶದಲ್ಲಿದ್ದ ವಿಯೆಟ್ನಾಮಿನ ಸೈಗಾನಿನಲ್ಲಿದ್ದರು. ಆ ವರ್ಷ ಬಾಕ್‌ಲಿಯು ಎಂಬ ಊರಿನ ಬಳಿಯ ಹಳ್ಳಿಯೊಂದಕ್ಕೆ ನೆರೆ ಬಂದು, ಬಿಲಗಳಿಂದ ಹೊರಬಿದ್ದ ನಾಗರಹಾವುಗಳು ಮನೆಗಳಿಗೆ ನುಗ್ಗಿದವು. ನಲವತ್ತು ಜನರಿಗೆ ಕಚ್ಚಿದವು; ನಾಲ್ವರು ಸತ್ತರು. ಸ್ಥಳೀಯ ಹಾವಾಡಿಗನೊಬ್ಬ ಹತ್ತೊಂಬತ್ತು ಹಾವುಗಳನ್ನು ಹಿಡಿದು ಪೀಪಾಯಿಗೆ ತುಂಬಿದ. ಆ ಪೀಪಾಯಿ ಕಾಲ್ಮೆಟರ ಪ್ರಯೋಗಶಾಲೆಗೆ ಬಂತು. ಅವರ ಸಂಶೋಧನೆ ಅಲ್ಲಿಂದ ಮೊದಲಾಯಿತು.

ಫ್ರಾನ್ಸಿಗೆ ಮರಳಿದ ಮೇಲೆ 1894ರಲ್ಲಿ ಅವರು ಫಲಿತಾಂಶವನ್ನು ಮಂಡಿಸಿದರು. ಸ್ವಾರಸ್ಯವೆಂದರೆ, ಅದೇ ವರ್ಷದ ಅದೇ ಸಭೆಯಲ್ಲಿ ಫಿಸಾಲಿಕ್ಸ್ ಮತ್ತು ಬರ್ಟ್ರಾಂ ಎಂಬ ಇಬ್ಬರು ಯೂರೋಪಿನ ಮಂಡಲದ ಹಾವಿನ ವಿಷದ ಬಗ್ಗೆ ಇಂಥದೇ ಶೋಧವನ್ನು ಪ್ರಕಟಿಸಿದರು. ಮರುವರ್ಷದ ಹೊತ್ತಿಗೆ ಲಿಲ್ ನಗರದಲ್ಲಿ ಕಾಲ್ಮೆಟ್ ಕುದುರೆಗಳಿಂದ ಪ್ರತಿವಿಷ ತಯಾರಿಸತೊಡಗಿದ್ದರು.

ಬೀಗಕ್ಕೆ ತಕ್ಕ ಕೀಲಿ

ಕಾಲ್ಮೆಟ್ ಒಂದು ಕಡೆ ಎಡವಿದರು. ನಾಗರಹಾವಿನ ವಿಷದಿಂದ ತಯಾರಾದ ತಮ್ಮ ಸೀರಂ ಎಲ್ಲ ಹಾವುಗಳ ವಿಷವನ್ನೂ ತಡೆಯುತ್ತದೆಂದು ಅವರು ನಂಬಿದ್ದರು. ಭಾರತದಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಲ್ಯಾಂಬ್ ಎಂಬ ವೈದ್ಯರು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಆ ಸೀರಂ ನಮ್ಮ ಕೊಳಕುಮಂಡಲದ ವಿಷದ ಮುಂದೆ ಕೈಚೆಲ್ಲಿತು. ಬ್ರೆಜಿಲ್ ದೇಶದ ವಿಟಾಲ್ ಬ್ರಾಸಿಲ್ ಕೂಡ ತಮ್ಮ ನಾಡಿನ ಹಾವುಗಳಿಂದ ಇದನ್ನೇ ಕಂಡುಕೊಂಡಿದ್ದರು. ಯಾವ ಹಾವಿನ ವಿಷವೋ ಆ ಹಾವಿನ ವಿಷದಿಂದಲೇ ಮದ್ದು ತಯಾರಾಗಬೇಕು. ಬೀಗ ಬೇರೆಯಾದರೆ ಕೀಲಿಯೂ ಬೇರೆ.

ಸಾವೊ ಪಾಲೊ ನಗರದ ಬುಟಾಂಟನ್ ಸಂಸ್ಥೆಯ ಮೊದಲ ನಿರ್ದೇಶಕರಾದ ವಿಟಾಲ್ ಬ್ರಾಸಿಲ್, ವಿಷ ಸಂಗ್ರಹಿಸಲು ಒಂದು ಜಾಣ ಏರ್ಪಾಟು ಮಾಡಿದರು. ರೈತರು ಜೀವಂತ ಹಾವನ್ನು ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ಕಳುಹಿಸುವುದು. ಸಂಸ್ಥೆ ಅದಕ್ಕೆ ಬದಲಾಗಿ ಪ್ರತಿವಿಷ ಕಳುಹಿಸುವುದು. ಹೊಲದ ಹಾವು ಹೋಗಿ ಹೊಲಕ್ಕೆ ಮದ್ದು ಬರುತ್ತಿತ್ತು. ಮದ್ದು ರೈತನ ಬಾಗಿಲಿಗೆ ತಲಪಬೇಕೆಂಬುದನ್ನು ಅವರು ಅಂದೇ ಅರಿತಿದ್ದರು.

ಭಾರತದಲ್ಲಿ ಮೊದಲು ಕಸೌಲಿಯಲ್ಲಿ, ಅನಂತರ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಪ್ರತಿವಿಷದ ತಯಾರಿಕೆ ಬೆಳೆಯಿತು. ಕಚ್ಚಿದ್ದು ಯಾವ ಹಾವೆಂದು ರೋಗಿಗೆ ಎಷ್ಟೋ ಸಲ ತಿಳಿದಿರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಒಂದೇ ಮದ್ದಿನಲ್ಲಿ ನಾಲ್ಕು ಕೀಲಿಗಳನ್ನು ಜೋಡಿಸಲಾಗಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೂ ಅದು ಉತ್ತರ ಕೊಡುತ್ತದೆ. ಆಸ್ಪತ್ರೆಗಳಲ್ಲಿ ಇದಕ್ಕೆ ‘ಎ.ಎಸ್.ವಿ.’ ಎನ್ನುತ್ತಾರೆ. ಹಾವನ್ನು ಹೊಡೆದು ಚೀಲದಲ್ಲಿ ತರಬೇಕಾದ ಅಗತ್ಯವೇ ಇಲ್ಲದಿರುವುದು ಇದರಿಂದಾಗಿ. ಹಾವು ಹುಡುಕಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಂಡ ಪ್ರಸಂಗಗಳುಂಟು.

ಇರುಳರ ಕೈಯಿಂದ ಕುದುರೆಯ ಮೈಗೆ

ಈ ಮದ್ದಿಗೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳ ಜನಾಂಗದವರ ಕೈಯಿಂದ. ಹುಲ್ಲಿನ ಮೇಲಿನ ಸಣ್ಣ ಗುರುತಿನಿಂದಲೇ ಹಾವಿನ ಜಾಡು ಹಿಡಿಯಬಲ್ಲ ಇವರು ಒಂದು ಕಾಲದಲ್ಲಿ ಚರ್ಮದ ವ್ಯಾಪಾರಕ್ಕಾಗಿ ಹಾವು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಆ ಬಳಿಕ ಚರ್ಮದ ರಫ್ತಿನ ಮೇಲೆ ಬಂದ ನಿಷೇಧ, ಇವುಗಳಿಂದ ಅವರ ಜೀವನೋಪಾಯ ಕುಸಿಯಿತು. ಉರಗತಜ್ಞ ರೋಮುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಇರುಳರ ಸಹಕಾರ ಸಂಘ ಹುಟ್ಟಿತು. ಮಹಾಬಲಿಪುರಕ್ಕೆ ಸಮೀಪದ ವಡನೆಮ್ಮೇಲಿಯಲ್ಲಿ ಅದರ ಕೇಂದ್ರವಿದೆ.

ಹಿಡಿದ ಹಾವನ್ನು ಮಣ್ಣಿನ ಗಡಿಗೆಯಲ್ಲಿಟ್ಟು, ಕೆಲವು ವಾರಗಳ ಅವಧಿಯಲ್ಲಿ ಕೆಲವು ಬಾರಿ ವಿಷ ತೆಗೆದು, ಹೊಟ್ಟೆಯ ಪೊರೆಯ ಮೇಲೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಕೊಲ್ಲುವ ಕಸುಬು ಹೀಗೆ ಕಾಯುವ ಕಸುಬಾಯಿತು. ಈ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ ಈ ಅಜ್ಞಾತ ಸೇವೆ ದೇಶದ ಗಮನಕ್ಕೆ ಬಂತು.

ಒಣಗಿಸಿದ ವಿಷ ಔಷಧ ತಯಾರಿಸುವ ಸಂಸ್ಥೆಗಳಿಗೆ ಹೋಗುತ್ತದೆ. ಅಲ್ಲಿ ಕುದುರೆಗಳಿಗೆ ಅದನ್ನು ತೀರ ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ತಿಂಗಳುಗಟ್ಟಲೆ ಹೆಚ್ಚಿಸುತ್ತ ಚುಚ್ಚುತ್ತಾರೆ. ಕುದುರೆಯ ದೇಹ ವಿಷದ ಅಣುಗಳನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆಗ ಅದರ ರಕ್ತ ತೆಗೆದು, ಪ್ರತಿಕಾಯಗಳಿರುವ ದ್ರವವನ್ನು ಬೇರ್ಪಡಿಸಿ, ಕೆಂಪು ಕಣಗಳನ್ನು ಕುದುರೆಗೇ ಹಿಂದಿರುಗಿಸುತ್ತಾರೆ. ದ್ರವವನ್ನು ಶುದ್ಧಗೊಳಿಸಿ ಸೀಸೆಗೆ ತುಂಬುತ್ತಾರೆ. ಹೆಚ್ಚಾಗಿ ಒಣಗಿಸಿ ಪುಡಿ ಮಾಡುತ್ತಾರೆ. ಪುಡಿಯ ಮದ್ದಿಗೆ ಫ್ರಿಜ್ ಕಡ್ಡಾಯವಲ್ಲವಾದ್ದರಿಂದ ಕರೆಂಟು ಕೈಕೊಡುವ ಊರಿನ ಆಸ್ಪತ್ರೆಯಲ್ಲೂ ಅದನ್ನು ಇಡಬಹುದು.

ಹತ್ತು ಸೀಸೆಯ ಲೆಕ್ಕ

ಒಂದು ಸೀಸೆಯಲ್ಲಿ 10 ಮಿಲಿಲೀಟರ್ ಮದ್ದಿರುತ್ತದೆ. ಒಂದು ಮಿಲಿಲೀಟರ್ ಮದ್ದು ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ತಡೆಯುತ್ತದೆ. ಎಂದರೆ ಸೀಸೆಗೆ 6 ಮಿಲಿಗ್ರಾಂ. ಕೊಳಕುಮಂಡಲ ಒಂದು ಸಲ ಕಚ್ಚಿದಾಗ ಸರಾಸರಿ 60 ಮಿಲಿಗ್ರಾಮಿಗಿಂತ ತುಸು ಹೆಚ್ಚು ವಿಷ ಬಿಡುತ್ತದೆ. ಮೊದಲ ಸುತ್ತಿನಲ್ಲಿಯೇ ವೈದ್ಯರು ಎಂಟು-ಹತ್ತು ಸೀಸೆ ಹಾಕುವುದೇಕೆಂಬುದಕ್ಕೆ ಈ ಸರಳ ಗುಣಾಕಾರವೇ ಉತ್ತರ. ಮಗುವಿಗೂ ಇಷ್ಟೇ ಮದ್ದು. ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲವಷ್ಟೆ!

ಇನ್ನು ತಡವಾದರೇನು ಎಂಬ ಪ್ರಶ್ನೆ. ಪ್ರತಿವಿಷ ಹಿಡಿದುಹಾಕುವುದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು. ಆಗಿಹೋದ ಹಾನಿಯನ್ನು ಅದು ಸರಿಪಡಿಸಲಾರದು. ಮಂಡಲದ ಹಾವುಗಳ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಬರಿದು ಮಾಡುತ್ತದೆ. ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ಬಾಗಿಸಿದಾಗ ಅದು ನೀರಿನಂತೆ ಹರಿದರೆ ವಿಷವೇರಿದೆಯೆಂದು ಅರ್ಥ. ಕೊಳಕುಮಂಡಲದ ವಿಷ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡಕ್ಕೆ ಅನಂತರ ಎಷ್ಟು ಸೀಸೆ ಸುರಿದರೂ ಫಲವಿಲ್ಲ, ಡಯಾಲಿಸಿಸ್ ಬೇಕಾಗುತ್ತದೆ.

ಕಟ್ಟುಹಾವಿನದು ಇನ್ನೂ ಮೋಸದ ಕಡಿತ. ಅದು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಇಲ್ಲವೆನ್ನುವಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆಗಳು ತಾವಾಗಿ ಮುಚ್ಚತೊಡಗಿದಾಗಲೇ ಮನೆಯವರಿಗೆ ಸಂಶಯ ಬರುವುದು. ಅದರ ವಿಷ ನರದ ತುದಿಗಳನ್ನೇ ಹಾಳುಮಾಡುವುದರಿಂದ, ಒಮ್ಮೆ ಉಸಿರಾಟದ ಸ್ನಾಯುಗಳು ಸೋತರೆ ದಿನಗಟ್ಟಲೆ ಕೃತಕ ಉಸಿರಾಟವೇ ಗತಿ. ನೆಲದಿಂದ ಮೇಲೆ ಮಂಚದ ಮೇಲೆ, ಸೊಳ್ಳೆಪರದೆಯ ಒಳಗೆ ಮಲಗಿದರೆ ಈ ಹಾವಿನಿಂದ ಬಹುಪಾಲು ಪಾರಾದಂತೆ.

ಮದ್ದಿಗೂ ಮಿತಿಯುಂಟು

ಕುದುರೆಯ ರಕ್ತದಿಂದ ಬಂದ ಮದ್ದಾದ್ದರಿಂದ ಕೆಲವರ ಮೈಗೆ ಅದು ಒಗ್ಗುವುದಿಲ್ಲ. ತುರಿಕೆ, ಚಳಿ, ಒಮ್ಮೊಮ್ಮೆ ರಕ್ತದ ಒತ್ತಡ ಕುಸಿಯುವುದು ಇವೆಲ್ಲ ಸಂಭವಿಸಬಹುದು. ಅಡ್ರಿನಲಿನ್ ಚುಚ್ಚುಮದ್ದು ಕೈಯಲ್ಲಿದ್ದರೆ ಇದನ್ನು ನಿಭಾಯಿಸಬಹುದು. ಆದರೂ ಈ ಭಯದಿಂದಲೇ ಸಣ್ಣ ಆಸ್ಪತ್ರೆಗಳಲ್ಲಿ ಮೊದಲ ಸೀಸೆಯನ್ನೂ ಹಾಕದೆ ರೋಗಿಯನ್ನು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಸಾಗಹಾಕುವುದುಂಟು. ಮೊದಲ ಸುತ್ತಿನ ಮದ್ದನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಟ್ಟು ಆಮೇಲೆ ಮುಂದಕ್ಕೆ ಕಳುಹಿಸುವುದು ಸರಿಯಾದ ಕ್ರಮ.

ಎರಡನೆಯ ಮಿತಿ ಬೀಗ-ಕೀಲಿಯ ಸಂಗತಿಗೇ ಸೇರಿದ್ದು. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುತ್ತದೆ. ತಮಿಳುನಾಡಿನ ಎರಡು-ಮೂರು ಜಿಲ್ಲೆಗಳ ಹಾವಿನ ವಿಷದಿಂದ ಆದ ಮದ್ದು ದೇಶದ ಎಲ್ಲ ಕಡೆಯೂ ಒಂದೇ ಸಮನಾಗಿ ಕೆಲಸ ಮಾಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಸಂಶೋಧನೆ, ಈ ನಾಲ್ಕರ ಹೊರಗಿನ ಕೆಲವು ವಿಷಸರ್ಪಗಳ ಮುಂದೆ ಮಾರುಕಟ್ಟೆಯ ಪ್ರತಿವಿಷ ದುರ್ಬಲವೆಂದು ತೋರಿಸಿತು. ನಮ್ಮ ಪಶ್ಚಿಮ ಘಟ್ಟದ ಉದಾಹರಣೆಗಳೇ ಇವೆ. ತೋಟಗಳ ತರಗೆಲೆಯಲ್ಲಿ ಅಡಗುವ, ಮೂತಿ ಮೇಲೆತ್ತಿದ ಸಣ್ಣ ಗುಳಿಮಂಡಲವೊಂದರ ವಿಷಕ್ಕೆ ಈ ಮದ್ದು ನಾಟುವುದಿಲ್ಲ. ಕಾಳಿಂಗಸರ್ಪದ ವಿಷವೂ ಇದರಲ್ಲಿ ಸೇರಿಲ್ಲ. ಘಟ್ಟದ ಕಾಳಿಂಗ ಬೇರೆಯೇ ಜಾತಿಯೆಂದು 2024ರಲ್ಲಿ ಗುರುತಿಸಿದ ವಿಜ್ಞಾನಿಗಳು ಅದರ ಶಾಸ್ತ್ರೀಯ ಹೆಸರಿನಲ್ಲಿ ಕನ್ನಡದ ‘ಕಾಳಿಂಗ’ವನ್ನೇ ಇಟ್ಟರು. ಅದೃಷ್ಟವಶಾತ್ ಅದು ಮನುಷ್ಯರಿಗೆ ಕಚ್ಚುವುದು ಬಹಳ ಅಪರೂಪ.

ಕುದುರೆಯ ನೆರವಿಲ್ಲದೆ ಪ್ರಯೋಗಶಾಲೆಯಲ್ಲೇ ಪ್ರತಿಕಾಯ ತಯಾರಿಸುವ ಕೆಲಸವೂ ನಡೆದಿದೆ. ಅಮೆರಿಕದ ವಿಜ್ಞಾನಿಗಳೊಂದಿಗೆ ಬೆಂಗಳೂರಿನ ಇದೇ ತಂಡ 2024ರಲ್ಲಿ ಪ್ರಕಟಿಸಿದ ಒಂದು ಕೃತಕ ಪ್ರತಿಕಾಯ, ನಾಗರ ಮತ್ತು ಕಟ್ಟುಹಾವಿನ ಬಳಗದ ಹಾವುಗಳಲ್ಲಿರುವ ಒಂದು ಮುಖ್ಯ ನರವಿಷವನ್ನು ಇಲಿಗಳಲ್ಲಿ ತಡೆದಿದೆ. ಆಸೆ ಹುಟ್ಟಿಸುವ ಸುದ್ದಿ ಇದು. ಆದರೆ ಆಸ್ಪತ್ರೆಗೆ ಬರಲು ಅದಿನ್ನೂ ದೂರ ನಡೆಯಬೇಕು.

ದಾರಿಯಲ್ಲಿ ಕಳೆಯುವ ಹೊತ್ತು

ಹೊಸ ಮದ್ದಿಗಾಗಿ ಕಾಯದೆ, ಇರುವ ಮದ್ದಿನಿಂದಲೇ ಎಷ್ಟು ಜೀವ ಉಳಿಸಬಹುದೆಂಬುದನ್ನು ನೆರೆಯ ನೇಪಾಳ ತೋರಿಸಿಕೊಟ್ಟಿದೆ. ಅಲ್ಲಿಯ ತೆರಾಯಿ ಪ್ರದೇಶದ ದಮಕ್ ಸುತ್ತಿನ ಹಳ್ಳಿಗಳಲ್ಲಿ ಮೋಟಾರ್‌ಬೈಕ್ ಇದ್ದ ಸ್ವಯಂಸೇವಕರನ್ನು ಗೊತ್ತುಮಾಡಿ, ಹಾವು ಕಚ್ಚಿದವರನ್ನು ನಡುವೆ ಕೂರಿಸಿಕೊಂಡು ನೇರ ಚಿಕಿತ್ಸಾಕೇಂದ್ರಕ್ಕೆ ಒಯ್ಯುವ ಏರ್ಪಾಟು ಮಾಡಲಾಯಿತು. ಜೊತೆಗೆ ಊರಿನವರಿಗೆ ತಿಳಿವಳಿಕೆ ಕೊಡಲಾಯಿತು. ಕಚ್ಚಿಸಿಕೊಂಡವರಲ್ಲಿ ಸಾಯುವವರ ಪ್ರಮಾಣ ಶೇಕಡಾ 10.5ರಿಂದ 0.5ಕ್ಕೆ ಇಳಿಯಿತು. ಮದ್ದು ಹೊಸದಾಗಿರಲಿಲ್ಲ, ಬದಲಾದದ್ದು ಹೊತ್ತು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವಿನ ಕಡಿತವನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಇದನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಇದರಿಂದ ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿ ಆಸ್ಪತ್ರೆಯಿರಲಿ, ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕಾಯಿತು. ಎಲ್ಲಿ ಎಷ್ಟು ಕಡಿತಗಳಾಗುತ್ತವೆಂದು ತಿಳಿದರೆ ತಾನೆ ಎಲ್ಲಿ ಎಷ್ಟು ಸೀಸೆ ಇರಬೇಕೆಂದು ನಿರ್ಧರಿಸಲು ಸಾಧ್ಯ? ಮರುತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಹಾವಿನ ಕಡಿತದ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆಯನ್ನು ಪ್ರಕಟಿಸಿತು.

ಇವೆಲ್ಲ ಸರ್ಕಾರದ ಕಡೆಯ ಮಾತು. ನಮ್ಮ ಕಡೆಯಿಂದ ಆಗಬೇಕಾದದ್ದು ಬಹಳವಿಲ್ಲ. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಬೇಕು. ಉಂಗುರ, ಬಳೆ, ಗಡಿಯಾರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಕಟ್ಟಿ ಅಲುಗದಂತೆ ಇರಿಸಬೇಕು. ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗ ಬಿಗಿಯಬಾರದು. ಬಿಗಿದ ಕಟ್ಟಿನಿಂದ ರಕ್ತ ಓಡದೆ ಅಂಗವೇ ಕೊಳೆಯಬಹುದು. ಆಮೇಲೆ ಎ.ಎಸ್.ವಿ. ಇರುವ ಹತ್ತಿರದ ಆಸ್ಪತ್ರೆಗೆ ಸಿಕ್ಕಿದ ಗಾಡಿಯಲ್ಲಿ ಹೊರಡಬೇಕು. ಆ ಆಸ್ಪತ್ರೆ ಯಾವುದೆಂದು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ ಇಟ್ಟುಕೊಳ್ಳುವುದು ಜಾಣತನ, ಏಕೆಂದರೆ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಸಂಭವಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ.

ದೇವರಿಗೆ ಹರಕೆ ಹೊರುವುದನ್ನು ಯಾರೂ ಬೇಡವೆನ್ನುವುದಿಲ್ಲ. ಗಾಡಿ ಆಸ್ಪತ್ರೆಯ ಕಡೆ ಓಡುತ್ತಿರುವಾಗಲೂ ಹರಕೆ ಹೊರಬಹುದು. ನಾಗನಿಗೆ ತನು ಎರೆಯುವ ಕೆಲಸ ರೋಗಿ ಮನೆಗೆ ಮರಳಿದ ಮೇಲೆ ಆಗಲಿ.